ಮಯಾಮಿ ಕಡೆಯ ಕಾಲುವೆ ದಡದಲ್ಲಿ ಗಾಳ ಹಾಕುವ ಹೊಸಬರಿಗೆ

ಮಯಾಮಿ, ಫೋರ್ಟ್ ಲಾಡರ್‌ಡೇಲ್ ಕಡೆಗೆ ಹೊಸದಾಗಿ ಬಂದವರಲ್ಲಿ ಮೀನಿನ ಹುಚ್ಚಿರುವವರು ನನ್ನನ್ನು ಮೊದಲು ಕೇಳುವುದು ದೋಣಿಯ ವಿಷಯ. ದೋಣಿ ಬೇಡವೇ ಬೇಡ. ಜೌಗು ನೆಲದ ನೀರು ಬಸಿಯಲೆಂದು ಸುಣ್ಣಕಲ್ಲು ಕಡಿದು ತೋಡಿದ ಕಾಲುವೆಗಳು ಇಲ್ಲಿ ಊರಿನ ಉದ್ದಗಲಕ್ಕೂ ಹರಿದಿವೆ. ನೀವು ದಿನಾ ಆಫೀಸಿಗೆ ಹೋಗುವಾಗ ದಾಟುವ ಸೇತುವೆಯ ಕೆಳಗೇ ಮೀನಿದೆ. ಎಲ್ಲಿ ನಿಲ್ಲಬೇಕು ಅನ್ನುವುದು ಗೊತ್ತಾಗಬೇಕು, ಅಷ್ಟೇ.

ಮೊದಲ ಒಂದೆರಡು ಶನಿವಾರ ಗಾಳ ಮನೆಯಲ್ಲೇ ಇರಲಿ. ಫೋನಿನ ಮ್ಯಾಪಿನಲ್ಲಿ ಸ್ಯಾಟಲೈಟ್ ನೋಟ ಹಾಕಿಕೊಂಡು ಒಂದು ಕಾಲುವೆಯನ್ನು ಹಿಡಿದು ನೋಡುತ್ತಾ ಹೋಗಿ. ಗೆರೆ ಎಳೆದ ಹಾಗೆ ನೆಟ್ಟಗೆ ಸಾಗುವ ಕಡೆ ಮೀನು ನಿಲ್ಲಲು ಕಾರಣವಿಲ್ಲ. ಎರಡು ಕಾಲುವೆ ಕೂಡುವ ಮೂಲೆ, ರಸ್ತೆಯಡಿಯಿಂದ ಮೋರಿಯ ಪೈಪು ಬಂದು ಬೀಳುವ ಬಾಯಿ, ಕಾಲುವೆ ಕೆರೆಯಷ್ಟು ಅಗಲವಾಗುವ ತಿರುವು, ಸೇತುವೆಯ ನೆರಳು: ಹೀಗೆ ನೀರಿನ ನಡೆ ಎಲ್ಲಿ ಬದಲಾಗುತ್ತದೋ ಅಲ್ಲಿ ಗುರುತು ಹಾಕಿ. ಆಮೇಲೆ ಕಾಲ್ನಡಿಗೆಯಲ್ಲಿ ಹೋಗಿ ನೋಡಿ. ಪೋಲರೈಸ್ಡ್ ಕನ್ನಡಕವನ್ನು ಗಾಳದ ಕೋಲಿಗಿಂತ (ರಾಡ್) ಮೊದಲು ಕೊಳ್ಳಿ ಎಂದೇ ನಾನು ಹೇಳುತ್ತೇನೆ. ಅದನ್ನು ಹಾಕಿಕೊಂಡರೆ ನೀರಿನ ಮೇಲಿನ ಹೊಳಪು ಕಳೆದು ತಳ ಕಾಣುತ್ತದೆ. ದಡದಿಂದ ನಾಲ್ಕೈದು ಅಡಿಯವರೆಗೆ ಬಿಳಿ ಕಲ್ಲಿನ ಹಾಸು, ಅಲ್ಲಿಂದಾಚೆ ಒಮ್ಮೆಲೇ ಕಪ್ಪು. ಆ ಅಂಚೇ ಮೀನಿನ ಹಾದಿ. ಹೊಸಬರು ಅದನ್ನು ದಾಟಿಸಿ ನಡುನೀರಿಗೆ ಎಸೆಯುತ್ತಾರೆ. ನೀವು ದಡದ ಗುಂಟ, ಅಂಚಿನ ಉದ್ದಕ್ಕೇ ಎಸೆದು ಎಳೆದುಕೊಳ್ಳಿ.

ಮಳೆಗಾಲದಲ್ಲಿ, ಅಂದರೆ ಮೇ ಕೊನೆಯಿಂದ ಅಕ್ಟೋಬರ್‌ವರೆಗೆ, ಜೋರು ಮಳೆ ನಿಂತ ಮೇಲಿನ ಒಂದೆರಡು ಗಂಟೆ ಆ ಪೈಪಿನ ಬಾಯಿಗಳನ್ನು ಬಿಡಬೇಡಿ. ನೀರಿನ ಜೊತೆ ಹುಳುಹುಪ್ಪಟೆ ಕೊಚ್ಚಿಕೊಂಡು ಬರುತ್ತವೆ, ಸಣ್ಣ ಮೀನು ಅದಕ್ಕೆ ಮುಗಿಬೀಳುತ್ತವೆ, ದೊಡ್ಡವು ಸಣ್ಣದರ ಹಿಂದೆ.

ಇಲ್ಲಿನ ಸಿಹಿನೀರಿನ ರಾಜ ಪೀಕಾಕ್ ಬಾಸ್. ದಕ್ಷಿಣ ಅಮೆರಿಕದ ಮೀನು. ಕಾಲುವೆಗಳಲ್ಲಿ ಮಿತಿಮೀರಿ ಹೆಚ್ಚಿದ್ದ ತಿಲಾಪಿಯಾ, ಅದೇ ನಮ್ಮ ಜಿಲೇಬಿ ಮೀನು, ಅದನ್ನು ಹದ್ದುಬಸ್ತಿನಲ್ಲಿಡಲು ಫ್ಲಾರಿಡಾ ಸರ್ಕಾರವೇ 1984ರಲ್ಲಿ ತಂದು ಬಿಟ್ಟಿತು. ಚಳಿ ಇದಕ್ಕೆ ಆಗಿಬರುವುದಿಲ್ಲ. ನೀರು 60 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತಣ್ಣಗಾದರೆ ಸಾಯುತ್ತದೆ, 2010ರ ಜನವರಿಯ ಚಳಿಯಲ್ಲಿ ಬಹಳಷ್ಟು ಸತ್ತವು. ಕಣ್ಣಿನಿಂದ ನೋಡಿ ಬೇಟೆಯಾಡುವ ಮೀನಾದ್ದರಿಂದ ಹಗಲಲ್ಲೇ ಕಚ್ಚುತ್ತದೆ, ನಸುಕಿನಲ್ಲಿ ಏಳಬೇಕಾಗಿಲ್ಲ. ಪ್ಲಾಸ್ಟಿಕ್ ಹುಳುವಿಗೆ ಬಾಯಿ ಹಾಕುವುದು ಅಪರೂಪ. ಜೀವಂತ ಸಣ್ಣ ಮೀನು ಕಟ್ಟಿ, ಇಲ್ಲವೇ ಚುರುಕಾಗಿ ಓಡುವ ಸಣ್ಣ ಲೂರ್ (ಮೀನಿನಂತೆ ಕಾಣುವ ಕೃತಕ ಎರೆ) ಎಳೆಯಿರಿ.

ಒಂದು ಮೇ ತಿಂಗಳ ಮಧ್ಯಾಹ್ನ ಮೋರಿಯ ಪಕ್ಕದ ಚಪ್ಪಟೆ ಕಲ್ಲಿನ ಮೇಲೆ ನೀರಿನೊಳಗೆ ಪೀಕಾಕ್ ಜೋಡಿಯೊಂದನ್ನು ಕಂಡೆ. ಬಾಲದ ಬುಡದಲ್ಲಿ ಚಿನ್ನದ ಅಂಚಿನ, ಕಣ್ಣಿನಂಥ ಕಪ್ಪು ಮಚ್ಚೆ, ಗಂಡಿನ ನೆತ್ತಿಯ ಮೇಲೆ ಉಬ್ಬು. ಎರಡರ ನಡುವೆ ಹೊಗೆಯ ಹಾಗೆ ಮರಿಗಳ ಹಿಂಡು. ಜಿಲೇಬಿಯೊಂದು ಮೆಲ್ಲಗೆ ಹತ್ತಿರ ಸರಿದರೆ ಸಾಕು, ಗಂಡು ಬಾಣದಂತೆ ನುಗ್ಗಿ ಓಡಿಸಿ ಮತ್ತೆ ತನ್ನ ಜಾಗಕ್ಕೇ ಬಂದು ನಿಲ್ಲುತ್ತಿತ್ತು. ಆ ಹೊತ್ತಿನಲ್ಲಿ ಎಸೆದರೆ ಖಂಡಿತ ಕಚ್ಚುತ್ತದೆ. ದಯವಿಟ್ಟು ಎಸೆಯಬೇಡಿ. ತಾಯಿತಂದೆ ಮೇಲೆ ಬಂದ ಗಳಿಗೆಯಲ್ಲೇ ಸುತ್ತಲಿನ ಮೀನುಗಳು ಮರಿಗಳನ್ನು ನುಂಗಿಬಿಡುತ್ತವೆ.

ಇನ್ನು ಲೈಸೆನ್ಸ್. ಹಿಡಿದು ಬಿಡುವುದಾದರೂ ಬೇಕು. ಫ್ಲಾರಿಡಾದ ಡ್ರೈವಿಂಗ್ ಲೈಸೆನ್ಸ್ ಪಡೆದು ಇಲ್ಲಿನ ನಿವಾಸಿಯಾದವರಿಗೆ ಸಿಹಿನೀರಿನದು ವರ್ಷಕ್ಕೆ 17 ಡಾಲರ್. ಸಮುದ್ರದ ನೀರಿಗೆ ಬೇರೆಯದೇ ಬೇಕು, ಆದರೆ ದಡದಿಂದ ಮಾತ್ರ ಹಿಡಿಯುವ ನಿವಾಸಿಗಳಿಗೆ ಶೋರ್‌ಲೈನ್ ಲೈಸೆನ್ಸ್ ಉಚಿತ. ಉಚಿತ ಅಂತ ತೆಗೆದುಕೊಳ್ಳದೇ ಇರಬೇಡಿ. ನಮ್ಮವರು ಹೆಚ್ಚಾಗಿ ಎಡವುವುದು ಊರಿಂದ ಬಂದ ಅಪ್ಪ ಅಮ್ಮನ ವಿಷಯದಲ್ಲಿ. 65 ದಾಟಿದವರಿಗೆ ಬೇಡ ಎಂದು ಯಾರೋ ಹೇಳಿರುತ್ತಾರೆ. ಆ ವಿನಾಯಿತಿ ಇಲ್ಲಿನ ನಿವಾಸಿಗಳಿಗೆ ಮಾತ್ರ. ಪ್ರವಾಸಕ್ಕೆ ಬಂದವರಿಗೆ ಮೂರು ದಿನದ್ದು 17, ಏಳು ದಿನದ್ದು 30 ಡಾಲರ್. 16 ತುಂಬದ ಮಕ್ಕಳಿಗೆ ಯಾವುದೂ ಬೇಡ. ಎಷ್ಟು ಹಿಡಿಯಬಹುದು, ಎಷ್ಟು ಉದ್ದದ್ದು ಅನ್ನುವುದನ್ನು ‘ಫಿಶ್ ಹಂಟ್ ಎಫ್‌ಎಲ್’ ಆ್ಯಪಿನಲ್ಲಿ ಅವತ್ತವತ್ತೇ ನೋಡಿಕೊಳ್ಳಿ. ಪೀಕಾಕ್ ದಿನಕ್ಕೆ ಎರಡು, ಅದರಲ್ಲಿ 17 ಇಂಚು ಮುಟ್ಟಿದ್ದು ಒಂದೇ.

ನೀರು ಸರ್ಕಾರದ್ದಾದರೂ ದಡ ಯಾರದು ಅನ್ನುವುದು ಬೇರೆ ಮಾತು. ಬಂದ ಹೊಸತರಲ್ಲಿ ಒಂದು ವಸತಿ ಸಮುಚ್ಚಯದ ಕೆರೆಯಲ್ಲಿ ಗಾಳ ಹಾಕಿ ಬರುವಷ್ಟರಲ್ಲಿ ನನ್ನ ಕಾರನ್ನು ಟೋ ಮಾಡಿದ್ದರು. ಅಂಥ ಕೆರೆಗಳು ಅಲ್ಲಿ ಮನೆಯಿರುವವರಿಗೆ ಮಾತ್ರ. ಹೊಸಬರು ಪಾರ್ಕುಗಳಿಂದ ಶುರುಮಾಡುವುದು ಕ್ಷೇಮ: ಹಯಾಲಿಯಾದ ಅಮೀಲಿಯಾ ಇಯರ್‌ಹಾರ್ಟ್ ಪಾರ್ಕ್, ಸನ್‌ರೈಸ್‌ನ ಮಾರ್ಕಮ್ ಪಾರ್ಕ್.

ಉಪ್ಪುನೀರಿಗೆ ಬಿಸ್ಕೇನ್ ಕೊಲ್ಲಿಯ ಕಡೆ ಮುಖ ಮಾಡಿರುವ ಬಿಲ್ ಬ್ಯಾಗ್ಸ್ ಪಾರ್ಕಿನ ಕಟ್ಟೆ ನನಗೆ ಬಲು ಇಷ್ಟ. ಸೌತ್ ಪಾಯಿಂಟ್, ಹಾಲೋವರ್ ಪಾರ್ಕುಗಳೂ ಒಳ್ಳೆಯವು. ಉಬ್ಬರ ಇಳಿತ ನೋಡಿಕೊಂಡು ಹೊರಡಿ. ನೀರು ನಿಂತಿದ್ದರೆ ಮೀನೂ ಸುಮ್ಮನಿರುತ್ತದೆ, ಹರಿಯುತ್ತಿದ್ದರೆ ತಿನ್ನುತ್ತದೆ. ಕಾಲುವೆ ಸಮುದ್ರ ಸೇರುವ ಮುಂಚೆ ಉಪ್ಪುನೀರು ಒಳಗೆ ನುಗ್ಗದಂತೆ ತೂಬಿನ ಬಾಗಿಲು ಕಟ್ಟಿರುತ್ತಾರೆ. ಬಾಗಿಲು ತೆರೆದಾಗ ಕೆಳಗಿನ ನೀರಲ್ಲಿ ಸ್ನೂಕ್, ಟಾರ್ಪನ್ ಎಂಬ ದೊಡ್ಡ ಮೀನುಗಳು ಬಂದು ಕಾಯುತ್ತವೆ. ಆದರೆ ಎಚ್ಚರಿಕೆ ಫಲಕದಿಂದ ಆಚೆಗೆ ಒಂದು ಹೆಜ್ಜೆಯೂ ಬೇಡ, ಬಾಗಿಲು ಹೇಳದೆ ಕೇಳದೆ ತೆರೆದುಕೊಳ್ಳುತ್ತದೆ.

ಮೊಸಳೆ ಇದೆಯಾ ಎಂದು ಎಲ್ಲರೂ ಕೇಳುತ್ತಾರೆ. ಇದೆ. ಸಿಹಿನೀರಿದ್ದಲ್ಲೆಲ್ಲ ಅಲಿಗೇಟರ್ ಜಾತಿಯ ಮೊಸಳೆ ಇದೆ ಎಂದುಕೊಂಡೇ ನಡೆಯಿರಿ. ಸಂಜೆಗತ್ತಲಲ್ಲಿ ನೀರಂಚಿಗೆ ಹೋಗಬೇಡಿ, ಮಕ್ಕಳನ್ನು ಅಂಚಿನಿಂದ ದೂರ ನಿಲ್ಲಿಸಿ, ಮೀನಿನ ಕರುಳು ತಲೆ ನೀರಿಗೆ ಎಸೆಯದೆ ಕಸದ ಡಬ್ಬಿಗೆ ಹಾಕಿ. ಆಹಾರ ಸಿಕ್ಕ ಮೊಸಳೆ ಮನುಷ್ಯರ ಭಯ ಬಿಡುತ್ತದೆ, ಅದಕ್ಕೇ ಊಟ ಹಾಕುವುದು ಇಲ್ಲಿ ಅಪರಾಧ. ಹುಲ್ಲಿನಲ್ಲಿ ಮಣ್ಣಿನ ಸಣ್ಣ ಗುಡ್ಡೆ ಕಂಡರೆ ಅದು ಬೆಂಕಿ ಇರುವೆ, ಚಪ್ಪಲಿ ಬೇಡ, ಶೂ ಹಾಕಿ. ಗುಡುಗು ಕೇಳಿದ ಕೂಡಲೇ ರಾಡ್ ಕೆಳಗಿಟ್ಟು ಕಾರು ಸೇರಿ.

ಮಕ್ಕಳನ್ನು ಮೊದಲ ಸಲ ಕರೆದೊಯ್ಯುವುದಾದರೆ ಮಾರ್ಚ್ ಏಪ್ರಿಲ್‌ನಲ್ಲಿ ಟಮಯಾಮಿ ಟ್ರೇಲ್ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋಗಿ. ಎವರ್‌ಗ್ಲೇಡ್ಸ್‌ನ ಜೌಗು ಆಗ ಒಣಗುತ್ತಾ ಬಂದು ಮೀನೆಲ್ಲ ರಸ್ತೆ ಪಕ್ಕದ ಕಾಲುವೆಗೆ ಇಳಿದಿರುತ್ತವೆ. ಬೆಂಡು ಕಟ್ಟಿ ಎರೆಹುಳು ಸಿಕ್ಕಿಸಿದರೆ ಆಸ್ಕರ್, ಮಾಯನ್ ಸಿಕ್ಲಿಡ್ ಎಂಬ ಮೀನುಗಳು ಒಂದರ ಹಿಂದೊಂದು ಬರುತ್ತವೆ. ಆ ನೀರಿನ ಬಾಸ್‌ಗಳಲ್ಲಿ ಪಾದರಸ ಸೇರಿಕೊಂಡಿರುವುದರಿಂದ ಅಡುಗೆಗೆ ತರಬೇಡಿ, ಬಿಟ್ಟುಬಿಡಿ. ಕಾರನ್ನು ಮಾತ್ರ ರಸ್ತೆಯಿಂದ ಚೆನ್ನಾಗಿ ಒಳಗೆ, ನಿಲುಗಡೆಯ ಜಾಗದಲ್ಲೇ ನಿಲ್ಲಿಸಿ. ಲಾರಿಗಳು ಅಲ್ಲಿ ಬಹಳ ಜೋರಾಗಿ ಬರುತ್ತವೆ.