ತೂಕ ಬಿಟ್ಟು ಹೆಜ್ಜೆ ಎಣಿಸಿದೆವು

ನಾನು ಮಕ್ಕಳ ಫಿಸಿಯೋಥೆರಪಿಸ್ಟ್. ಬೊಜ್ಜಿನ ಮಕ್ಕಳನ್ನು ಕರೆತರುವ ಅಪ್ಪ-ಅಮ್ಮಂದಿರ ಮೊದಲ ಪ್ರಶ್ನೆ, ‘ಎಷ್ಟು ಕೆಜಿ ಇಳಿಯುತ್ತೆ?’ ಮೊದಲ ವಾರ ನಾನು ಏನನ್ನೂ ಇಳಿಸಲು ಹೋಗುವುದಿಲ್ಲ. ಹೆಜ್ಜೆ ಎಣಿಸುವ ಪುಟ್ಟ ಯಂತ್ರ ಪೆಡೋಮೀಟರ್ ಕೊಟ್ಟು, ಎಂದಿನಂತೆ ಇರು ಅಂತ ಕಳಿಸುತ್ತೇನೆ. ಕೈಗೆ ಕಟ್ಟುವ ಬ್ಯಾಂಡ್ ನನಗೆ ಆಗಿಬರುವುದಿಲ್ಲ. ಸೋಫಾದಲ್ಲಿ ಕೂತೇ ಕೈ ಅಲ್ಲಾಡಿಸಿ ಹೆಜ್ಜೆ ಏರಿಸುವ ಜಾಣತನ ಮಕ್ಕಳಿಗೆ ಬೇಗ ಬರುತ್ತದೆ. ಸೊಂಟದ್ದಾದರೆ ಹೊಟ್ಟೆಯ ಮುಂದೆ ಸಿಕ್ಕಿಸಬಾರದು. ಅಲ್ಲಿ ವಾಲಿಕೊಂಡು ಕಡಿಮೆ ಎಣಿಸುತ್ತದೆ. ಪಕ್ಕಕ್ಕೆ ನೆಟ್ಟಗೆ ಸಿಕ್ಕಿಸಿ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಸಂಖ್ಯೆ 1960ರ ದಶಕದಲ್ಲಿ ಜಪಾನಿನ ಒಂದು ಪೆಡೋಮೀಟರ್ ಮಾರಾಟದಿಂದ ಹಬ್ಬಿದ್ದು, ಮಕ್ಕಳಿಗೆಂದು ಲೆಕ್ಕ ಹಾಕಿದ್ದಲ್ಲ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ನಾಲ್ಕು ಸಾವಿರದಲ್ಲಿರುವ ಮಗುವಿಗೆ ಇದನ್ನೆಲ್ಲ ಹೇಳಿದರೆ ಅದು ಮತ್ತೆ ನನ್ನ ಬಾಗಿಲಿಗೆ ಬರುವುದಿಲ್ಲ. ಅದರದೇ ಸರಾಸರಿಗೆ ವಾರಕ್ಕೆ ಐನೂರೋ ಸಾವಿರವೋ ಸೇರಿಸುತ್ತ ಹೋಗುತ್ತೇನೆ. ವೇಗವೂ ಬೇಕು: ಹತ್ತು ಸೆಕೆಂಡಿಗೆ ಇಪ್ಪತ್ತು ಹೆಜ್ಜೆಯ ಆಸುಪಾಸು, ಮಾತಾಡಬಹುದು, ಹಾಡು ಹೇಳಲಾಗದು.

ನನಗೆ ಹೆಚ್ಚು ಫಲ ಕೊಟ್ಟಿದ್ದು ಹತ್ತಿ ಇಳಿಯುವ ಸ್ಟೆಪ್ ಹಲಗೆ. ಓಟದಲ್ಲಿ ಯಾವಾಗಲೂ ಹಿಂದುಳಿಯುವ ಮಗುವಿಗೆ ಇಲ್ಲಿ ಹಿಂದೆ ಬೀಳುವ ಭಯವಿಲ್ಲ. ಎತ್ತರ 10 ಸೆಂ.ಮೀ.ನಿಂದ ಶುರು. ಪಾದ ಪೂರ್ತಿ ಹಲಗೆಯ ಮೇಲಿರಬೇಕು, ಹಿಮ್ಮಡಿ ಹೊರಗೆ ತೂಗಬಾರದು, ಮಂಡಿ ಒಳಕ್ಕೆ ವಾಲಬಾರದು. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಸುಸ್ತಾದಾಗ ‘ದಪ್’ ಎಂದು ಕಾಲು ಬೀಳುತ್ತದೆ. ಆ ಸದ್ದು ಕೇಳಿದ ತಕ್ಷಣ ವಿಶ್ರಾಂತಿ ಕೊಡುತ್ತೇನೆ. ಮಗು ಕುಂಟುತ್ತಿದ್ದರೆ, ತೊಡೆಸಂದಿ ಅಥವಾ ಮಂಡಿ ನೋವು ಎಂದರೆ ಆಟವೇ ಬಂದ್. ಬೊಜ್ಜಿರುವ ಹದಿಹರೆಯದವರಲ್ಲಿ ಸೊಂಟದ ಕೀಲಿನ ಮೂಳೆತಲೆ ಜಾರುವುದುಂಟು, ನೋವು ಮಾತ್ರ ಮಂಡಿಯಲ್ಲಿ ಕಾಣಿಸಿಕೊಳ್ಳಬಹುದು. ಮೊದಲು ಎಕ್ಸ್‌ರೇ.

ಸತತ ಎರಡು ದಿನ ರಜೆ ಕೊಡುವುದಿಲ್ಲ, ಅದಕ್ಕೆ ಕಾರಣವಿದೆ. ಸ್ನಾಯು ದುಡಿಯುವಾಗ ಗ್ಲೂಟ್-4 ಎಂಬ ಪ್ರೋಟೀನು ಜೀವಕೋಶದ ಅಂಚಿಗೆ ಬಂದು ಇನ್ಸುಲಿನ್ ಹಂಗಿಲ್ಲದೆ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ. ಆಮೇಲೂ ಒಂದೆರಡು ದಿನ ಸ್ನಾಯು ಇನ್ಸುಲಿನ್‌ಗೆ ಚೆನ್ನಾಗಿ ಸ್ಪಂದಿಸುತ್ತದೆ, ಬಳಿಕ ಆ ಗುಣ ಮಾಸುತ್ತದೆ.

ಒಬ್ಬ ಹುಡುಗನ ಕತ್ತಿನ ಹಿಂದೆ ಮಖಮಲ್ಲಿನಂಥ ಕಪ್ಪು ಪಟ್ಟಿಯಿತ್ತು. ಅಮ್ಮ ಅದನ್ನು ಕೊಳೆ ಎಂದು ಉಜ್ಜುತ್ತಿದ್ದರು; ಅದು ಇನ್ಸುಲಿನ್ ಪ್ರತಿರೋಧದ, ಅಂದರೆ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದರ ಗುರುತು. ಕೆಲವು ತಿಂಗಳ ನಂತರ ಅವನ ತೂಕ ಅಷ್ಟೇ ಇತ್ತು, ಅಮ್ಮನ ಮುಖ ಸಪ್ಪೆ. ಎತ್ತರ ಮಾತ್ರ ಬೆಳೆದಿತ್ತು, ಸೊಂಟದ ಸುತ್ತಳತೆ ಇರಬೇಕಾದ ಮಿತಿಗೆ, ಅಂದರೆ ಎತ್ತರದ ಅರ್ಧಕ್ಕೆ, ಹತ್ತಿರ ಬಂದಿತ್ತು, ರಕ್ತದಲ್ಲಿನ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಇಳಿದಿತ್ತು. ‘ಹಾಗಾದ್ರೆ ತೂಕ ಯಾವಾಗ ನೋಡೋದು?’ ಎಂದರು. ಡಾಕ್ಟರ ಭೇಟಿಯ ದಿನ ನೋಡಿದರೆ ಸಾಕು, ಮನೆಯಲ್ಲಿ ಸೊಂಟ ಅಳೆಯುವ ಟೇಪು ಇರಲಿ ಎಂದೆ.