ಲೋಕಲ್ ರೈಲಿಗೆ ಒಗ್ಗುವ ಪಾಠ: ಒಂದು ಘಟಕವನ್ನು ವಿದ್ಯಾರ್ಥಿಯ ಫೋನಿಗೆ ಇಳಿಸುವ ಬಗೆ

ಹಗಲು ದುಡಿದು ಸಂಜೆ ಓದುವುದು ಮುಂಬೈ ಕನ್ನಡಿಗರಿಗೆ ಹೊಸದೇನಲ್ಲ. ರಾತ್ರಿಶಾಲೆಗಳ ಕಾಲದಿಂದ ಬಂದ ರೂಢಿ. ಡೊಂಬಿವಲಿಯಿಂದಲೋ ವಿರಾರ್‌ನಿಂದಲೋ ಕಲೀನಾದ ವಿದ್ಯಾನಗರಿಗೆ ಬಂದು ಕನ್ನಡ ಎಂ.ಎ. ಓದುವವರಿಗೆ ದಿನಕ್ಕೆ ಎರಡು ಮೂರು ಗಂಟೆ ರೈಲಿನಲ್ಲೇ ಕಳೆಯುತ್ತದೆ. ಒಂದು ಕೈ ಮೇಲಿನ ಹಿಡಿಕೆಗೆ, ಇನ್ನೊಂದು ಕೈ ಫೋನಿಗೆ. ಡಿಜಿಟಲ್ ಪಾಠ ಕಟ್ಟುವ ಅಧ್ಯಾಪಕರು ಮೊದಲು ನೆನಪಿಡಬೇಕಾದ್ದು ಆ ಒಂದೇ ಕೈಯನ್ನು, ಆರಂಗುಲದ ಪರದೆಯನ್ನು, ಬಂದು ಹೋಗುವ ಸಿಗ್ನಲ್ಲನ್ನು.

ಹಾಗಾಗಿ ಕ್ಯಾಮೆರಾ ಕೊಳ್ಳುವುದರಿಂದ ಶುರು ಮಾಡಬೇಡಿ. ಮೊದಲು ಪಠ್ಯ, ಆಮೇಲೆ ದನಿ, ಆಮೇಲೆ ಅಭ್ಯಾಸ ಮತ್ತು ಪ್ರಶ್ನೆ. ವಿಡಿಯೊ ಕೊನೆಗೆ, ಅದೂ ಬೇಕೆನಿಸಿದರೆ. ಪಠ್ಯಕ್ರಮದ ಇಡೀ ಒಂದು ಪತ್ರಿಕೆಯನ್ನು ಒಂದೇ ಸೆಮಿಸ್ಟರಿನಲ್ಲಿ ಆನ್‌ಲೈನಿಗೆ ತರಲು ಹೊರಟವರು ಮೂರನೆಯ ವಾರಕ್ಕೇ ಸುಸ್ತಾಗುತ್ತಾರೆ. ಒಂದು ಘಟಕ ಸಾಕು, ಅದೂ ವಿದ್ಯಾರ್ಥಿಗಳು ಎಡವುವ ಘಟಕ. ಇಲ್ಲಿ ಛಂದಸ್ಸನ್ನು, ಅದರಲ್ಲೂ ಕಂದಪದ್ಯವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಕಂದ ಎಂದರೆ ಹಳಗನ್ನಡದ ನಾಲ್ಕು ಸಾಲಿನ ಪದ್ಯ. ಸಾಲಿಗೆ ಪಾದ ಎನ್ನುತ್ತಾರೆ, ಅಕ್ಷರ ಉಚ್ಚರಿಸುವ ಕಾಲದ ಅಳತೆ ಮಾತ್ರೆ, ನಾಲ್ಕು ಮಾತ್ರೆಯ ಗುಂಪು ಒಂದು ಗಣ.

ಪಠ್ಯ: ಯೂನಿಕೋಡ್ ಆಗದೆ ಮುಂದೆ ಹೋಗಬೇಡಿ

ಯೂನಿಕೋಡ್ ಎಂದರೆ ಎಲ್ಲ ಫೋನು, ಕಂಪ್ಯೂಟರುಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತ. ಅಧ್ಯಾಪಕರ ಬಳಿ ಹದಿನೈದು ವರ್ಷಗಳ ಟಿಪ್ಪಣಿ ಇರುತ್ತದೆ, ಬಹುಪಾಲು ನುಡಿ, ಬರಹ ಇಲ್ಲವೇ ಶ್ರೀಲಿಪಿ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ಆ ಫಾಂಟು ಇಲ್ಲದ ಫೋನಿನಲ್ಲಿ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಪಿಡಿಎಫ್ ಮಾಡಿದರೆ ಕಣ್ಣಿಗೇನೋ ಸರಿಯಾಗಿರುತ್ತದೆ, ತೊಂದರೆ ಒಳಗಿರುತ್ತದೆ: ಹುಡುಕಿದರೆ ಪದ ಸಿಗದು, ನಕಲಿಸಿ ಅಂಟಿಸಿದರೆ ಕಸ, ದೃಷ್ಟಿ ಇಲ್ಲದ ವಿದ್ಯಾರ್ಥಿ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಚ್ಚಿದರೆ ಅರ್ಥವಿಲ್ಲದ ಸದ್ದು.

ನುಡಿ, ಬರಹ ಎರಡರ ಜೊತೆಗೂ ಹಳೆಯ ಫಾಂಟನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕ ಬರುತ್ತದೆ. ಫೈಲನ್ನು ಒಮ್ಮೆ ಹಾಯಿಸಿದರೆ ಬಹುಪಾಲು ಕೆಲಸ ಮುಗಿಯಿತು. ಉಳಿದದ್ದು ಕೈಕೆಲಸ, ಅದರಲ್ಲಿ ಎರಡು ತಪ್ಪು ಮತ್ತೆ ಮತ್ತೆ ಕಾಡುತ್ತವೆ. ಮೊದಲನೆಯದು ಅನುಸ್ವಾರದ ಜಾಗದಲ್ಲಿ ಕೂತ ಅಂಕಿಯ ಸೊನ್ನೆ. ‘ಪಂಪ’ ಮತ್ತು ‘ಪ೦ಪ’ ಎರಡೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಎರಡನೆಯದರಲ್ಲಿ ಇರುವುದು ಸೊನ್ನೆ. ‘ಪಂಪ’ ಎಂದು ಹುಡುಕಿದವರಿಗೆ ಆ ಪುಟ ಸಿಗುವುದಿಲ್ಲ. ಎರಡನೆಯದು ಅರ್ಕಾವತ್ತು: ‘ಕರ್ಮ’ ಎನ್ನುವುದು ‘ಕಮ೯’ ಆಗಿರುತ್ತದೆ, ಅಂದರೆ ಒಂಬತ್ತರ ಅಂಕಿ. ಕನ್ನಡ ಅಂಕಿ ೦ ಮತ್ತು ೯ ಎಂದು ಒಂದೊಂದಾಗಿ ಹುಡುಕಿ. ಟಿಪ್ಪಣಿಯಲ್ಲಿ ಕನ್ನಡ ಅಂಕಿಗಳನ್ನೇ ಬಳಸಿಲ್ಲವಾದರೆ ಸೊನ್ನೆಯನ್ನು ಒಂದೇ ಏಟಿಗೆ ಬದಲಿಸಬಹುದು. ಒಂಬತ್ತಿಗೆ ಆ ಸುಲಭವಿಲ್ಲ. ಅರ್ಕಾವತ್ತು ಅಕ್ಷರದ ಬಲಕ್ಕೆ ಕಂಡರೂ ಟೈಪಿಸುವಾಗ ‘ರ್’ ಮೊದಲು ಬರಬೇಕು, ಆದ್ದರಿಂದ ಒಂದೊಂದನ್ನೇ ತಿದ್ದಬೇಕು.

ಪುಟದ ಅಳತೆಯನ್ನು ಎ4ರಿಂದ ಎ5ಕ್ಕೆ ಇಳಿಸಿ, ಅಕ್ಷರ 16 ಪಾಯಿಂಟ್, ಅಂಚು ಒಂದು ಸೆಂಟಿಮೀಟರ್. ಎ4 ಪುಟವನ್ನು ಫೋನಿನಲ್ಲಿ ಓದಲು ಸಾಲು ಸಾಲಿಗೂ ಎಡಕ್ಕೆ ಬಲಕ್ಕೆ ಎಳೆಯಬೇಕು, ಅದಕ್ಕೆ ಎರಡು ಕೈ ಬೇಕು. ಚಿತ್ರಗಳಿಲ್ಲದ ಮೂವತ್ತು ಪುಟದ ಇಂಥ ಫೈಲು ಒಂದು ಎಂಬಿಯೂ ಆಗುವುದಿಲ್ಲ.

ಹಳೆಯ ಪುಸ್ತಕದ ಪುಟಗಳು

ಮುದ್ರಿತ ಪುಟ ಕೊಡಬೇಕಿದ್ದರೆ ಫೋನಿನ ಕ್ಯಾಮೆರಾದಲ್ಲಿ ನೇರ ಕ್ಲಿಕ್ಕಿಸಿ ವಾಟ್ಸ್ಆ್ಯಪ್‌ಗೆ ಹಾಕುವುದು ಎಲ್ಲರೂ ಮಾಡುವ ಕೆಲಸ, ಕೆಟ್ಟ ಕೆಲಸ. ವಾಟ್ಸ್ಆ್ಯಪ್ ಚಿತ್ರವನ್ನು ಕುಗ್ಗಿಸುವಾಗ ಒತ್ತಕ್ಷರಗಳು ಮಸುಕಾಗುತ್ತವೆ. ಸ್ಕ್ಯಾನ್ ಆ್ಯಪ್ ಬಳಸಿ. ಬಣ್ಣ ಬೇಡ, ಬೂದು ಛಾಯೆ ಸಾಕು. ಫ್ಲಾಶ್ ಆರಿಸಿ, ಬೆಳಕು ಎರಡೂ ಬದಿಯಿಂದ ಬರಲಿ, ಫೋನು ಪುಟಕ್ಕೆ ಸಮಾನಾಂತರವಾಗಿರಲಿ. ಸ್ಕ್ಯಾನರ್ ಸಿಕ್ಕರೆ 300 ಡಿಪಿಐ. ಕಳಿಸುವಾಗ ‘ಫೋಟೊ’ ಅಲ್ಲ, ‘ಡಾಕ್ಯುಮೆಂಟ್’ ಎಂದು ಆರಿಸಿ.

ಅಕ್ಷರ ಗುರುತಿಸುವ ತಂತ್ರಾಂಶ, ಅಂದರೆ ಓಸಿಆರ್, ಕನ್ನಡಕ್ಕೂ ಇದೆ. ಟೆಸರಾಕ್ಟ್ ಉಚಿತ. ಅದು ಕಷ್ಟವೆನಿಸಿದರೆ ಗೂಗಲ್ ಡ್ರೈವ್‌ಗೆ ಪುಟ ಏರಿಸಿ, ಕಂಪ್ಯೂಟರಿನಲ್ಲಿ ಅದರ ಮೇಲೆ ಬಲ ಕ್ಲಿಕ್ ಮಾಡಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಚಿತ್ರದ ಕೆಳಗೆ ಪಠ್ಯ ಬರುತ್ತದೆ. ಫೈಲು 2 ಎಂಬಿ ಮೀರದಂತೆ ತುಂಡು ಮಾಡಿಕೊಳ್ಳಬೇಕು. ಹೊಸಗನ್ನಡದ ಶುಭ್ರ ಮುದ್ರಣಕ್ಕೆ ಇದು ಚೆನ್ನಾಗಿಯೇ ದುಡಿಯುತ್ತದೆ. ಹಳಗನ್ನಡಕ್ಕೆ ಮಾತ್ರ ನಂಬಬೇಡಿ: ಱ ಮತ್ತು ೞ ಬಂದಲ್ಲೆಲ್ಲ ಬೇರೇನೋ ಆಗಿರುವ ಸಾಧ್ಯತೆ ಹೆಚ್ಚು. ಛಂದಸ್ಸಿನ ಪಾಠದಲ್ಲಿ ಒಂದು ಒತ್ತಕ್ಷರ ಕಳಚಿದರೆ ಮಾತ್ರೆಯ ಲೆಕ್ಕವೇ ತಪ್ಪುತ್ತದೆ. ನಾಲ್ಕು ಸಾಲಿನ ಪದ್ಯವನ್ನು ಕೈಯಾರೆ ಟೈಪಿಸುವುದು ತಿದ್ದುವುದಕ್ಕಿಂತ ಬೇಗ ಮುಗಿಯುತ್ತದೆ.

ಹಕ್ಕುಸ್ವಾಮ್ಯದ ಮಾತು ಬಂದೇ ಬರುತ್ತದೆ. 1957ರ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ಉಳಿಯುತ್ತದೆ. ಮಂಜೇಶ್ವರ ಗೋವಿಂದ ಪೈ 1963ರಲ್ಲಿ ತೀರಿಕೊಂಡರು. ಅವರ ಜೀವಿತಕಾಲದಲ್ಲಿ ಪ್ರಕಟವಾದದ್ದು 2024ರ ಆರಂಭದಿಂದ ಎಲ್ಲರದು. ಮುಂಬೈಯ ಯಶವಂತ ಚಿತ್ತಾಲರು ತೀರಿಕೊಂಡದ್ದು 2014ರಲ್ಲಿ, ಅವರ ಬರಹಕ್ಕೆ 2074ರ ಕೊನೆಯವರೆಗೆ ರಕ್ಷಣೆ ಇದೆ. ಅದೇ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಬೋಧನೆಯ ಭಾಗವಾಗಿ ಅಧ್ಯಾಪಕರು ಪ್ರತಿ ಮಾಡಿಕೊಡಲು ವಿನಾಯಿತಿ ಉಂಟು. ದೆಹಲಿ ವಿಶ್ವವಿದ್ಯಾಲಯದ ಫೋಟೊಕಾಪಿ ಪ್ರಕರಣದಲ್ಲಿ 2016ರಲ್ಲಿ ದೆಹಲಿ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು. ತರಗತಿಯ ಮುಚ್ಚಿದ ಫೋಲ್ಡರಿನಲ್ಲಿ ಒಂದು ಕಥೆ ಕೊಡುವುದು ಬೇರೆ, ಇಡೀ ಸಂಕಲನವನ್ನು ಊರಿಗೆಲ್ಲ ಕಾಣುವ ಲಿಂಕಿನಲ್ಲಿ ಇಡುವುದು ಬೇರೆ.

ದನಿ: ನಿಜವಾದ ಲಾಭ ಇಲ್ಲಿ

ಮುಂಬೈಯ ಕನ್ನಡ ತರಗತಿಯಲ್ಲಿ ಮನೆಯಲ್ಲಿ ತುಳುವೋ ಕೊಂಕಣಿಯೋ ಆಡಿ, ಶಾಲೆಯನ್ನು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಮುಗಿಸಿದವರು ಇರುತ್ತಾರೆ. ಕನ್ನಡ ಕೇಳಿದರೆ ತಿಳಿಯುತ್ತದೆ, ಓದುವ ವೇಗ ಕಡಿಮೆ. ಕಂದವನ್ನು ಅವರಿಗೆ ಕಿವಿಯ ಮೂಲಕ ದಾಟಿಸಿದಷ್ಟು ಸುಲಭವಾಗಿ ಹಾಳೆಯ ಮೂಲಕ ದಾಟಿಸಲಾಗದು.

ಲೆಕ್ಕ ನೋಡಿ. ಸೆಕೆಂಡಿಗೆ 64 ಕಿಲೋಬಿಟ್‌ನ ಮೊನೊ ಎಂಪಿ3 ನಿಮಿಷಕ್ಕೆ 480 ಕೆಬಿ. ಹನ್ನೆರಡು ನಿಮಿಷಕ್ಕೆ ಆರು ಎಂಬಿಗೂ ಕಡಿಮೆ. ಅದೇ ಹನ್ನೆರಡು ನಿಮಿಷದ ವಿಡಿಯೊ ಸೆಕೆಂಡಿಗೆ ಒಂದೂವರೆ ಮೆಗಾಬಿಟ್‌ನಂತೆ 135 ಎಂಬಿ. ದನಿಯನ್ನು ಇಳಿಸಿಕೊಂಡು ಪರದೆ ಆರಿಸಿ ಕಿಸೆಗೆ ಹಾಕಿಕೊಂಡೂ ಕೇಳಬಹುದು. ಉದ್ದವೂ ಮುಖ್ಯ: ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕೆಯ ತಾಣದ ವಿಡಿಯೊ ಪಾಠಗಳ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸರಾಸರಿ ನೋಡುಗರ ಗಮನ ಆರು ನಿಮಿಷದ ಆಚೆ ನಿಲ್ಲಲಿಲ್ಲ. ಪವಾಯಿಯ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯೂ ಪಾಠಗಳನ್ನು ಹತ್ತು ನಿಮಿಷದ ಆಸುಪಾಸಿಗೇ ಕಟ್ಟುತ್ತದೆ. ಮೊದಲು ಹೇಳಬೇಕಾದ ಮಾತನ್ನೆಲ್ಲ ಬರೆದು ಆಮೇಲೆ ಓದುವುದು ಅಲ್ಲಿನ ಕ್ರಮ, ಅದರಿಂದ ಕನ್ನಡ ಸೇರಿ ಬೇರೆ ಭಾಷೆಗಳಿಗೆ ದನಿ ಕೂಡಿಸುವುದು ಸಾಧ್ಯವಾಗಿದೆ. ನೀವೂ ಬರೆದುಕೊಳ್ಳಿ. ಬರೆಯದೆ ಮಾತಾಡಿದರೆ ಆರು ನಿಮಿಷದ್ದು ಹದಿನೆಂಟಾಗುತ್ತದೆ.

ರೆಕಾರ್ಡಿಂಗ್‌ಗೆ ಕಾಲರ್ ಮೈಕ್ ಸಾಕು. ಕೊಳ್ಳುವಾಗ 3.5 ಮಿಲಿಮೀಟರ್ ಪಿನ್ನಿನ ಮೇಲಿನ ಕಪ್ಪು ಗೆರೆ ಎಣಿಸಿ: ಫೋನಿಗೆ ಮೂರು ಗೆರೆ ಬೇಕು. ಎರಡು ಗೆರೆಯದು ಕ್ಯಾಮೆರಾದ್ದು. ಹಚ್ಚಿದರೂ ಫೋನು ತನ್ನ ಮೈಕಿನಲ್ಲೇ ದಾಖಲಿಸುತ್ತಿರುತ್ತದೆ, ಗೊತ್ತಾಗುವುದು ಮುಗಿದ ಮೇಲೆ. ಮೈಕು ಬಾಯಿಂದ 15-20 ಸೆಂಟಿಮೀಟರ್ ದೂರದಲ್ಲಿರಲಿ. ಫ್ಯಾನ್ ನಿಲ್ಲಿಸಿ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರ ಎದುರು ಕೂತರೆ ಗೋಡೆಯ ಪ್ರತಿಧ್ವನಿ ಸಾಯುತ್ತದೆ. ಕಲೀನಾ, ಸಾಂತಾಕ್ರೂಜ್ ಕಡೆ ವಿಮಾನದ ಸದ್ದಿಗೆ ಮದ್ದಿಲ್ಲ. ಬಂದಾಗ ನಿಲ್ಲಿಸಿ, ಹೋದ ಮೇಲೆ ಆ ವಾಕ್ಯವನ್ನು ಮೊದಲಿಂದ ಹೇಳಿ, ನಡುವಿನದನ್ನು ಕತ್ತರಿಸಿ.

ಪದ್ಯವನ್ನು ಮೂರು ಸಲ ಓದಿ. ಮೊದಲು ಗಣ ಗಣಕ್ಕೂ ನಿಲ್ಲಿಸಿ, ಎರಡನೆಯ ಸಲ ಪದ ಬಿಡಿಸಿ ಅರ್ಥಕ್ಕೆ ತಕ್ಕಂತೆ, ಮೂರನೆಯ ಸಲ ಓಟದಲ್ಲಿ. ಅರ್ಥವೂ ಗಣವೂ ಬೇರೆ ಬೇರೆ ಕಡೆ ಮುರಿಯುತ್ತವೆ ಎಂಬುದು ಹೀಗೆ ಓದಿದಾಗ ತಾನಾಗಿ ಕೇಳಿಸುತ್ತದೆ.

ಮಾತ್ರೆ ಎಣಿಸುವ ಶೀಟು

ಲಘು (ಒಂದು ಮಾತ್ರೆಯ ಅಕ್ಷರ), ಗುರು (ಎರಡು ಮಾತ್ರೆಯದು) ಚಿಹ್ನೆಗಳನ್ನು ಸಾಲಿನ ಮೇಲೆ ಟೈಪಿಸಿ ಕಳಿಸಿದರೆ ಫೋನಿನಲ್ಲಿ ಸಾಲು ಮಡಚಿ ಚಿಹ್ನೆಗಳು ಎಲ್ಲೋ ಜಾರಿ ಕೂರುತ್ತವೆ. ಗೂಗಲ್ ಶೀಟ್ಸ್ ತೆರೆಯಿರಿ. ಒಂದೊಂದು ಅಕ್ಷರಕ್ಕೆ ಒಂದೊಂದು ಚೌಕ, ಅದರ ಕೆಳಗಿನ ಚೌಕ ಖಾಲಿ. ವಿದ್ಯಾರ್ಥಿ ಅಲ್ಲಿ ಲಘುವಿಗೆ 1, ಗುರುವಿಗೆ 2 ತುಂಬಬೇಕು. ಸಾಲಿನ ಕೊನೆಯಲ್ಲಿ ಮೊತ್ತದ ಸೂತ್ರ. ಕಂದದ ಒಂದು ಮತ್ತು ಮೂರನೆಯ ಪಾದಕ್ಕೆ 12 ಬರಬೇಕು, ಎರಡು ಮತ್ತು ನಾಲ್ಕಕ್ಕೆ 20. ಬಾರದಿದ್ದರೆ ಚೌಕ ಕೆಂಪಾಗುವಂತೆ ‘ಷರತ್ತಿನ ಫಾರ್ಮ್ಯಾಟಿಂಗ್’ ಹಾಕಿ.

ತಪ್ಪು ಎಲ್ಲಿ ಬರುತ್ತದೆಂದು ಮೊದಲೇ ಹೇಳಬಹುದು. ‘ಅಕ್ಷರ’ ಎಂಬಲ್ಲಿ ‘ಅ’ಕ್ಕೆ 1 ಹಾಕುತ್ತಾರೆ. ಮುಂದೆ ಒತ್ತಕ್ಷರ ಇರುವುದರಿಂದ ಅದು ಗುರು. 2, 1, 1 ಸೇರಿ ನಾಲ್ಕು. ಚೌಕ ಕೆಂಪಾದಾಗ ವಿದ್ಯಾರ್ಥಿ ತಾನೇ ಹಿಂದಕ್ಕೆ ಹೋಗಿ ಹುಡುಕುತ್ತಾನೆ, ರಾತ್ರಿ ಹನ್ನೊಂದಕ್ಕೆ ಅಧ್ಯಾಪಕರಿಗೆ ಮೆಸೇಜು ಬರುವುದಿಲ್ಲ.

ಆದರೆ ಶೀಟಿಗೆ ಕಾಣದ ತಪ್ಪೂ ಇದೆ. ಎರಡನೆಯ ಪಾದದ ಮೂರನೆಯ ಗಣ, ಅಂದರೆ ಪದ್ಯಾರ್ಧದ ಆರನೆಯದು, ಜಗಣ (ಲಘು, ಗುರು, ಲಘು) ಇಲ್ಲವೇ ನಾಲ್ಕೂ ಲಘು ಆಗಿರಬೇಕು. ಅಲ್ಲಿ ಎರಡು ಗುರು ಬಂದರೂ ಮೊತ್ತ ನಾಲ್ಕೇ. ಚೌಕ ಕೆಂಪಾಗದು, ಕಂದ ಕೆಟ್ಟಿರುತ್ತದೆ. ಅಂಥ ಎರಡು ಪದ್ಯಗಳನ್ನು ಬೇಕೆಂದೇ ಕಟ್ಟಿ ಶೀಟಿಗೆ ಸೇರಿಸಿ, ‘ಮೊತ್ತ ಸರಿ ಇದೆ, ಆದರೂ ಏನು ತಪ್ಪು?’ ಎಂದು ತರಗತಿಯಲ್ಲಿ ಕೇಳಿ. ಎಣಿಕೆ ರೈಲಿನಲ್ಲಿ ಮುಗಿದಿರುವುದರಿಂದ ಮುಖಾಮುಖಿ ಸಿಗುವ ಐವತ್ತು ನಿಮಿಷ ಇದಕ್ಕೆ ಉಳಿಯುತ್ತದೆ.

ಗೂಗಲ್ ಕ್ಲಾಸ್‌ರೂಮ್‌ನಲ್ಲಿ ಶೀಟು ಹಂಚುವ ಮುನ್ನ ‘ಪ್ರತಿ ವಿದ್ಯಾರ್ಥಿಗೂ ಒಂದು ಪ್ರತಿ’ ಎಂಬುದನ್ನು ಆರಿಸಿ. ಮರೆತು ತಿದ್ದುವ ಅನುಮತಿ ಕೊಟ್ಟರೆ ನಲವತ್ತು ಮಂದಿ ಒಂದೇ ಶೀಟಿನಲ್ಲಿ ಒಬ್ಬರದನ್ನೊಬ್ಬರು ಅಳಿಸುತ್ತಾರೆ. ಒಮ್ಮೆ ಪ್ರಕಟಿಸಿದ ಮೇಲೆ ಇದನ್ನು ಬದಲಿಸಲಾಗದು. ಅಳಿಸಿ ಹೊಸದಾಗಿ ಹಾಕಬೇಕು.

ಐದು ಪ್ರಶ್ನೆ, ಅಂಕವಿಲ್ಲ

ಮತ್ತೆ ಮತ್ತೆ ಓದುವುದಕ್ಕಿಂತ ನೆನಪಿನಿಂದ ಉತ್ತರಿಸಲು ಹೆಣಗುವುದು ಹೆಚ್ಚು ಕಾಲ ನಿಲ್ಲುತ್ತದೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದು ಇದನ್ನೇ: ಐದು ನಿಮಿಷದ ನಂತರ ಕೇಳಿದಾಗ ಪುನಃ ಓದಿದವರು ಮುಂದು, ವಾರದ ನಂತರ ಪರೀಕ್ಷೆ ಎದುರಿಸಿದವರು ಮುಂದು. ಆದ್ದರಿಂದ ವಾರಕ್ಕೆ ಐದು ಪ್ರಶ್ನೆ ಇರಲಿ, ಹಿಂದಿನ ವಾರದ್ದೊಂದು ಸೇರಿರಲಿ. ಅಂಕ ಬೇಡ, ಅಂಕ ಬಂತೆಂದರೆ ಉತ್ತರಗಳು ಗುಂಪಿನಲ್ಲಿ ಓಡಾಡುತ್ತವೆ.

ಬಿಟ್ಟ ಸ್ಥಳ ತುಂಬುವ ಪ್ರಶ್ನೆಯನ್ನು ಕನ್ನಡದಲ್ಲಿ ತಪ್ಪಿಸಿ. ಗೂಗಲ್ ಫಾರ್ಮ್ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ; ಸೊನ್ನೆಯ ಅನುಸ್ವಾರ ಹಾಕಿದವರಿಗೂ ‘ತಪ್ಪು’ ಎನ್ನುತ್ತದೆ. ಬಹು ಆಯ್ಕೆಯೇ ಮೇಲು, ಆದರೆ ತಪ್ಪು ಆಯ್ಕೆಗಳು ನಿಜವಾದ ತಪ್ಪುಗಳಾಗಿರಬೇಕು. ‘ಕಂದದ ಎರಡನೆಯ ಪಾದಕ್ಕೆ ಎಷ್ಟು ಮಾತ್ರೆ?’ ಎಂಬುದಕ್ಕೆ 12, 16, 20, 5 ಕೊಡಿ. 12 ಎಂದವರು ಮೊದಲ ಪಾದದೊಂದಿಗೆ ಗೊಂದಲ ಮಾಡಿಕೊಂಡಿದ್ದಾರೆ, 5 ಎಂದವರು ಗಣ ಎಣಿಸಿದ್ದಾರೆ, 16 ಎಂದವರು ಒಂದು ಗಣ ಬಿಟ್ಟಿದ್ದಾರೆ. ಫಾರ್ಮ್‌ನಲ್ಲಿ ಎಲ್ಲ ತಪ್ಪಿಗೂ ಒಂದೇ ವಿವರಣೆ ಬರೆಯಲು ಸಾಧ್ಯ. ಕಾಲೇಜಿನಲ್ಲಿ ಮೂಡಲ್ ಎಂಬ ಪಾಠ ನಿರ್ವಹಣೆಯ ತಂತ್ರಾಂಶ ಇದ್ದರೆ ಆಯ್ಕೆ ಆಯ್ಕೆಗೂ ಬೇರೆ ಟಿಪ್ಪಣಿ ಹಾಕಬಹುದು, ಅದಕ್ಕೊಂದು ಸಂಜೆ ಖರ್ಚು ಮಾಡಿದರೂ ನಷ್ಟವಿಲ್ಲ.

ಮನೆಗೆಲಸದ ಪ್ರಬಂಧಗಳನ್ನು ಈಗ ಚಾಟ್‌ಬಾಟ್ ಬರೆದುಕೊಡುತ್ತದೆ. ಪತ್ತೆ ಮಾಡುತ್ತೇವೆ ಎನ್ನುವ ತಂತ್ರಾಂಶಗಳನ್ನು ನಂಬಿ ಯಾರನ್ನೂ ಫೇಲು ಮಾಡಬೇಡಿ. ಸ್ವಂತ ಕಂದ ಕಟ್ಟಿಸಿ, ಶೀಟಿನ ಜೊತೆ ಒಪ್ಪಿಸಲು ಹೇಳಿ, ಮೂರು ನಿಮಿಷ ಎದುರು ಕೂರಿಸಿ ‘ಈ ಗಣ ಯಾಕೆ ಹೀಗೆ?’ ಎಂದು ಕೇಳಿ. ಸಾಕು.

ಮಳೆಯ ದಿನ

ಜುಲೈಯಲ್ಲಿ ಹಳಿಗೆ ನೀರು ಬಂದ ದಿನ ನೇರ ಆನ್‌ಲೈನ್ ತರಗತಿ ಬೇಕಾಗುತ್ತದೆ. ಉಚಿತ ಝೂಮ್ ನಲವತ್ತು ನಿಮಿಷಕ್ಕೆ ಕಡಿಯುತ್ತದೆ. ಉಚಿತ ಗೂಗಲ್ ಮೀಟ್ ಮೂವರಿಗಿಂತ ಕಡಿಮೆ ಇಲ್ಲದ ಸಭೆಗೆ ಒಂದು ಗಂಟೆ ಕೊಡುತ್ತದೆ. ಅರ್ಧ ಜನ ಕ್ಯಾಂಪಸ್ಸಿನಲ್ಲಿ, ಅರ್ಧ ಜನ ಮನೆಯಲ್ಲಿ ಇದ್ದರೆ ಕೋಣೆಯಲ್ಲಿ ಒಂದೇ ಮೈಕು, ಒಂದೇ ಸ್ಪೀಕರು ತೆರೆದಿರಲಿ. ಇನ್ನೊಂದು ತೆರೆದರೆ ಕಿರಿಚುವ ಸದ್ದು ಶುರು. ಹಿಂದಿನ ಬೆಂಚಿನವರು ಕೇಳಿದ ಪ್ರಶ್ನೆ ಮನೆಯವರಿಗೆ ಕೇಳಿಸುವುದಿಲ್ಲ, ಉತ್ತರಿಸುವ ಮುನ್ನ ನೀವೇ ಅದನ್ನು ಮತ್ತೆ ಹೇಳಿ.

ಎಲ್ಲಿ ಇಡುವುದು

ವಾಟ್ಸ್ಆ್ಯಪ್ ಗುಂಪು ಸೂಚನೆಗೆ ಸರಿ, ಉಗ್ರಾಣವಾಗಿ ಕೆಟ್ಟದ್ದು. ಫೋನು ಬದಲಿಸಿದವರು, ತಡವಾಗಿ ಪ್ರವೇಶ ಪಡೆದವರು ಎಲ್ಲವನ್ನೂ ಮತ್ತೆ ಕೇಳುತ್ತಾರೆ. ಫೈಲುಗಳು ಕ್ಲಾಸ್‌ರೂಮ್‌ನಲ್ಲೋ ಮೂಡಲ್‌ನಲ್ಲೋ ಇರಲಿ, ಗುಂಪಿಗೆ ಲಿಂಕು ಮಾತ್ರ ಹೋಗಲಿ. ಫೈಲಿನ ಹೆಸರಿಗೊಂದು ಕ್ರಮ ಇಟ್ಟುಕೊಳ್ಳಿ: ಘಟಕ, ಪಾಠ, ಬಗೆ, ದಿನಾಂಕ. ‘03-02-ದನಿ-2025-08-11’ ಎಂದಿದ್ದರೆ ತಾನಾಗಿ ಸಾಲಾಗಿ ಕೂರುತ್ತದೆ. ‘ಹೊಸದು’, ‘ಹೊಸದು ಅಂತಿಮ’, ‘ಅಂತಿಮ 2’ ಎಂಬ ಮೂರು ಫೈಲಿದ್ದರೆ ವಿದ್ಯಾರ್ಥಿ ಇಳಿಸಿಕೊಳ್ಳುವುದು ತಪ್ಪಾದದ್ದನ್ನೇ.

ಇವೆಲ್ಲ ಅಧ್ಯಾಪಕರ ಸ್ವಂತ ಜಿಮೇಲ್ ಖಾತೆಯಲ್ಲಿದ್ದರೆ ಉಚಿತ ಜಾಗ 15 ಜಿಬಿ, ಅದರಲ್ಲಿ ಅವರ ಮನೆಯ ಮದುವೆ ಫೋಟೊಗಳೂ ಸೇರುತ್ತವೆ. ಅತಿಥಿ ಉಪನ್ಯಾಸಕರ ಒಪ್ಪಂದ ಮುಗಿದಾಗ ಪಾಠವೂ ಅವರ ಜೊತೆ ಹೊರಟುಹೋಗುತ್ತದೆ. ಸೆಮಿಸ್ಟರ್ ಮುಗಿದ ವಾರವೇ ಇಡೀ ಫೋಲ್ಡರನ್ನು ಇಳಿಸಿ ವಿಭಾಗದ ಹಾರ್ಡ್ ಡಿಸ್ಕಿಗೆ ಒಂದು ಪ್ರತಿ ಹಾಕಿ. ವಿದ್ಯಾರ್ಥಿಗಳ ಹೆಸರು, ಅಂಕ ಇರುವ ಶೀಟುಗಳನ್ನು ಅದರಿಂದ ಮೊದಲೇ ತೆಗೆದಿಡಿ. ಮುಂದಿನ ವರ್ಷದವರಿಗೆ ಬೇಕಾದ್ದು ಖಾಲಿ ಚೌಕಗಳ ಶೀಟು ಮಾತ್ರ.