ಸುಲಭವಾಗಿ ಕಲಿಯಬಲ್ಲ ವಿದೇಶಿ ಭಾಷೆ ಯಾವುದು? ಕನ್ನಡ ಬಲ್ಲವರು ಆರಿಸಿಕೊಳ್ಳುವ ಬಗೆ

ಯಾವ ವಿದೇಶಿ ಭಾಷೆ ಸುಲಭ ಎಂದು ಹುಡುಕುವವರಿಗೆ ಒಂದೇ ಪಟ್ಟಿ ಮತ್ತೆ ಮತ್ತೆ ಎದುರಾಗುತ್ತದೆ. ಸ್ಪ್ಯಾನಿಷ್, ಇಟಾಲಿಯನ್, ಡಚ್, ನಾರ್ವೇಜಿಯನ್ ಭಾಷೆಗಳು ಅದರ ತಲೆಯಲ್ಲಿರುತ್ತವೆ. ಜಪಾನಿ, ಕೊರಿಯನ್, ಚೀನಿ, ಅರಬ್ಬಿ ಕೊನೆಯಲ್ಲಿರುತ್ತವೆ. ಈ ಪಟ್ಟಿಯ ಮೂಲ ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಎಂಬ ಸರ್ಕಾರಿ ಸಂಸ್ಥೆ. ಅದರ ಅಂದಾಜಿನಂತೆ ಕೆಲಸಕ್ಕೆ ಸಾಕಾಗುವಷ್ಟು ಸ್ಪ್ಯಾನಿಷ್ ಕಲಿಯಲು 600ರಿಂದ 750 ತರಗತಿ ಗಂಟೆಗಳು, ಇಂಡೋನೇಷ್ಯನ್‌ಗೆ ಸುಮಾರು 900, ಟರ್ಕಿಷ್‌ಗೆ 1100, ಜಪಾನಿ ಮತ್ತು ಕೊರಿಯನ್‌ಗೆ 2200 ಗಂಟೆಗಳು ಬೇಕು. ಲೆಕ್ಕ ತಪ್ಪಲ್ಲ, ಆದರೆ ಅದು ಇಂಗ್ಲಿಷನ್ನು ತಾಯ್ನುಡಿಯಾಗಿ ಪಡೆದವರ ಲೆಕ್ಕ. ಮನೆಯಲ್ಲಿ ಕನ್ನಡ, ಓದಿನಲ್ಲಿ ಇಂಗ್ಲಿಷ್, ಅಷ್ಟಿಷ್ಟು ಹಿಂದಿ, ಜೊತೆಗೆ ಕನ್ನಡದೊಳಗೇ ಬೆರೆತುಹೋದ ಸಂಸ್ಕೃತ ಇವಿಷ್ಟನ್ನೂ ಬಂಡವಾಳವಾಗಿ ಇಟ್ಟುಕೊಂಡು ಹೊರಟವರು ಆ ಪಟ್ಟಿಯನ್ನು ಇದ್ದ ಹಾಗೆಯೇ ಒಪ್ಪಿಕೊಂಡರೆ, ತಮಗೆ ಸಲೀಸಾಗಬಹುದಾದ ಭಾಷೆಯನ್ನು ಕಷ್ಟವೆಂದು ಬದಿಗಿಡುವ ಸಂಭವವೇ ಹೆಚ್ಚು.

ಒಂದು ಭಾಷೆಯನ್ನು ಅಳೆಯುವಾಗ ಅದರ ಉಚ್ಚಾರಣೆ, ಲಿಪಿ, ಶಬ್ದಭಂಡಾರ ಮತ್ತು ವಾಕ್ಯರಚನೆಗಳನ್ನು ಬೇರೆ ಬೇರೆಯಾಗಿ ನೋಡಬೇಕು, ಏಕೆಂದರೆ ಇವು ಬೇಡುವ ಶ್ರಮ ಒಂದೇ ಬಗೆಯದಲ್ಲ. ಲಿಪಿ ನೋಡಿದವರನ್ನು ಮೊದಲು ಹೆದರಿಸುತ್ತದೆ, ಆದರೆ ಚೀನಿ ಅಕ್ಷರಗಳನ್ನು ಬಿಟ್ಟರೆ ಉಳಿದ ಲಿಪಿಗಳು ಕೆಲವು ವಾರಗಳಲ್ಲಿ ಕೈವಶವಾಗಿ ಮತ್ತೆ ತೊಂದರೆ ಕೊಡುವುದಿಲ್ಲ. ಶಬ್ದಭಂಡಾರದ ಕೆಲಸ ವರ್ಷಗಟ್ಟಲೆ ಮುಗಿಯುವುದಿಲ್ಲ. ವಾಕ್ಯರಚನೆಯನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಕನ್ನಡಿಗರು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಅದಕ್ಕೇ.

ಬೇಗ ನಾಲ್ಕು ಮಾತು ಆಡುವಂತಾಗಬೇಕು ಎಂಬುದಷ್ಟೇ ಗುರಿಯಾಗಿದ್ದರೆ ಇಂಡೋನೇಷ್ಯನ್ ಭಾಷೆಗೆ ಸಾಟಿಯಾದದ್ದು ಸಿಗುವುದು ಕಷ್ಟ. ಬರವಣಿಗೆ ರೋಮನ್ ಲಿಪಿಯಲ್ಲಿ; ಬರೆದಂತೆ ಓದಿದರೆ ಹೆಚ್ಚು ಕಡಿಮೆ ಸಾಕು. ನಾಮಪದಗಳಿಗೆ ಲಿಂಗವಿಲ್ಲ, ವಿಭಕ್ತಿಯಿಲ್ಲ. ಕ್ರಿಯಾಪದ ಕಾಲಕ್ಕಾಗಲಿ ಪುರುಷಕ್ಕಾಗಲಿ ಬದಲಾಗುವುದಿಲ್ಲ. 'ಸಾಯಾ ಮಕಾನ್' ಎಂದರೆ ನಾನು ಉಣ್ಣುತ್ತೇನೆ. ನಡುವೆ 'ಸುದಾಃ' ಸೇರಿಸಿದರೆ ಉಂಡಾಗಿದೆ, 'ಅಕಾನ್' ಸೇರಿಸಿದರೆ ಇನ್ನು ಉಣ್ಣುವವನಿದ್ದೇನೆ. ಪುಸ್ತಕಕ್ಕೆ 'ಬುಕು', ಪುಸ್ತಕಗಳಿಗೆ 'ಬುಕು-ಬುಕು'. ಇದರ ಮೇಲೆ ಸಂಸ್ಕೃತದಿಂದ ಹೋದ ಶಬ್ದಗಳ ದೊಡ್ಡ ರಾಶಿಯೇ ಅಲ್ಲಿದೆ: ಬಹಾಸಾ, ಗುರು, ನೆಗಾರಾ, ಮನುಸಿಯಾ, ಬುಮಿ, ಪೆರ್ತಾಮಾ ಇವುಗಳ ಅರ್ಥವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆಲವು ಶಬ್ದಗಳು ಮಾತ್ರ ದಾರಿ ತಪ್ಪಿಸುತ್ತವೆ. 'ಸುವಾಮಿ' ಎಂದರೆ ಗಂಡ, 'ಇಸ್ತ್ರಿ' ಎಂದರೆ ಹೆಂಡತಿ, ಬಟ್ಟೆಗೂ ಅದಕ್ಕೂ ಸಂಬಂಧವಿಲ್ಲ. 'ಆಗಾಮಾ' ಎಂದರೆ ಧರ್ಮ, 'ದೋಸಾ' ಎಂದರೆ ಪಾಪ.

ಈ ಸುಲಭತನ ಎಲ್ಲಿಯವರೆಗೆ ಎಂಬುದನ್ನೂ ತಿಳಿದಿರಬೇಕು. 'ತುಲಿಸ್' ಎಂಬ ಧಾತು ವಾಕ್ಯದಲ್ಲಿ 'ಮೆನುಲಿಸ್' ಆಗುತ್ತದೆ, 'ಬಾಚಾ' ಎಂಬುದು 'ಮೆಂಬಾಚಾ' ಆಗುತ್ತದೆ. ಉಪಸರ್ಗವನ್ನು ಕಳಚಿ ಮೂಲ ಧಾತುವನ್ನು ಗುರುತಿಸುವ ಅಭ್ಯಾಸವಾಗುವ ತನಕ ನಿಘಂಟು ನೋಡುವುದೇ ಒಂದು ಕಸರತ್ತು. ಪಠ್ಯಪುಸ್ತಕದ ಭಾಷೆಗೂ ಆಡುಮಾತಿಗೂ ಅಂತರ ದೊಡ್ಡದು. ಗ್ರಾಂಥಿಕ ಕನ್ನಡ ಒಂದು, ಮನೆಮಾತು ಇನ್ನೊಂದು ಎಂಬುದನ್ನು ಬಾಲ್ಯದಿಂದ ಕಂಡವರಿಗೆ ಇದು ಅಚ್ಚರಿಯ ವಿಷಯವಲ್ಲ, ಆದರೂ 'ತಿದಾಕ್' ಎಂದು ಕಲಿತವರಿಗೆ ಎಲ್ಲರೂ 'ಎಂಗ್ಗಾಕ್' ಎನ್ನುವುದು ಕೇಳಿಸಿದಾಗ ಸ್ವಲ್ಪ ಗಲಿಬಿಲಿಯಾಗುತ್ತದೆ.

ಯುರೋಪಿನ ಭಾಷೆಯೇ ಬೇಕೆನ್ನುವವರು ಸ್ಪ್ಯಾನಿಷ್ ಹಿಡಿಯುವುದು ಒಳ್ಳೆಯದು. 20 ದೇಶಗಳಲ್ಲಿ ಅದು ಅಧಿಕೃತ ಭಾಷೆ. ಸ್ವರಗಳು ಅ, ಇ, ಉ, ಎ, ಒ ಎಂಬ ಐದೇ. ತ, ದ, ಪ, ಕಗಳನ್ನು ನಾವು ಉಚ್ಚರಿಸುವಂತೆ ಮಹಾಪ್ರಾಣದ ಉಸಿರಿಲ್ಲದೆ ಉಚ್ಚರಿಸುತ್ತಾರೆ. ಇಂಗ್ಲಿಷಿನವರು ಈ ಉಸಿರನ್ನು ಬಿಡಿಸಿಕೊಳ್ಳಲು ತಿಣುಕಬೇಕಾಗುತ್ತದೆ. ಕ್ರಿಯಾಪದದ ಕೊನೆಯಲ್ಲೇ ಪುರುಷ ತಿಳಿಯುವುದರಿಂದ ಸರ್ವನಾಮವನ್ನು ಬಿಡಬಹುದು: ನಾವು 'ಮಾತಾಡುತ್ತೇನೆ' ಎಂದಷ್ಟೇ ಹೇಳಿ 'ನಾನು' ಎಂಬುದನ್ನು ನುಂಗುವಂತೆ ಅವರು 'ಆಬ್ಲೊ' ಎನ್ನುತ್ತಾರೆ. ಇಂಗ್ಲಿಷ್ ಪಠ್ಯಗಳು ಪುಟಗಟ್ಟಲೆ ವಿವರಿಸುವ 'ಮೆ ಗುಸ್ತಾ' ಎಂಬ ರಚನೆ ನಮ್ಮ 'ನನಗೆ ಇಷ್ಟ' ಎಂಬುದರ ಅಚ್ಚಿನಲ್ಲೇ ಇದೆ. 'ಮೆ ದುವೆಲೆ ಲಾ ಕಬೇಸಾ' ಎಂಬುದು 'ನನಗೆ ತಲೆ ನೋಯುತ್ತಿದೆ' ಎಂಬುದಕ್ಕೆ ಪದಶಃ ಹೊಂದುತ್ತದೆ. ಶಬ್ದಭಂಡಾರಕ್ಕೆ ಇಂಗ್ಲಿಷ್ ನೆರವಾಗುತ್ತದೆ: ನೇಷನ್, ಇನ್ಫರ್ಮೇಷನ್ ಮೊದಲಾದವು 'ನಸಿಯೋನ್', 'ಇನ್ಫೊರ್ಮಸಿಯೋನ್' ಎಂದಾಗುವ ನಿಯಮ ತಿಳಿದರೆ ನೂರಾರು ಪದಗಳು ಒಮ್ಮೆಗೇ ದಕ್ಕುತ್ತವೆ. ಬೆವರಿಳಿಸುವುದು ನಿರ್ಜೀವ ವಸ್ತುಗಳಿಗಿರುವ ಲಿಂಗ, 'ಇರು' ಎಂಬುದಕ್ಕಿರುವ 'ಸೆರ್' ಮತ್ತು 'ಎಸ್ತಾರ್' ಎಂಬ ಎರಡು ಕ್ರಿಯಾಪದಗಳ ವ್ಯತ್ಯಾಸ, ಮುಂದೆ ಬರುವ ಸಂಭಾವನಾರ್ಥಕ ರೂಪಗಳು.

ಪ್ರಸಿದ್ಧ ಪಟ್ಟಿಯನ್ನು ತಲೆಕೆಳಗು ಮಾಡುವಂಥ ಭಾಷೆಗಳು ಟರ್ಕಿಷ್, ಜಪಾನಿ ಮತ್ತು ಕೊರಿಯನ್. ಇವುಗಳಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಪ್ರತ್ಯಯಗಳು ನಾಮಪದದ ಕೊನೆಗೆ ಅಂಟಿಕೊಳ್ಳುತ್ತವೆ, 'ನಿನ್ನೆ ಬಂದ ಹುಡುಗ' ಎಂಬಲ್ಲಿನಂತೆ ವಿಶೇಷಣ ವಾಕ್ಯಾಂಶ ನಾಮಪದಕ್ಕಿಂತ ಮೊದಲು ಬರುತ್ತದೆ. ಇಂಗ್ಲಿಷಿನವರು ವಾಕ್ಯವನ್ನು ಹಿಂದುಮುಂದಾಗಿ ಯೋಚಿಸಬೇಕಾದ ಕಡೆಗಳಲ್ಲಿ ಕನ್ನಡಿಗರು ಯೋಚಿಸುವ ಕ್ರಮವನ್ನೇ ಬದಲಿಸಬೇಕಾಗಿಲ್ಲ. ಟರ್ಕಿಷ್‌ನಲ್ಲಿ 'ಎವ್' ಎಂದರೆ ಮನೆ, 'ಎವ್ಲೆರ್' ಮನೆಗಳು, 'ಎವ್ಲೆರ್ದೆ' ಮನೆಗಳಲ್ಲಿ. 'ಗೆಲ್ದಿ' ಎಂದರೆ ಬಂದ, 'ಗೆಲ್ದಿ ಮಿ' ಎಂದರೆ ಬಂದನೇ. ಇನ್ನೂ ಸೊಗಸಾದದ್ದು 'ಗೆಲ್ಮಿಶ್': ತಾನು ಕಣ್ಣಾರೆ ಕಾಣದೆ ಬೇರೆಯವರಿಂದ ಕೇಳಿದ ಸಂಗತಿಯನ್ನು ಹೇಳುವ ಈ ರೂಪ ನಮ್ಮ 'ಬಂದನಂತೆ' ಎಂಬುದರ ಕೆಲಸವನ್ನೇ ಬಹುಮಟ್ಟಿಗೆ ಮಾಡುತ್ತದೆ. 'ಎಂದು' ಎಂಬುದಕ್ಕೂ 'ದಿಯೆ' ಎಂಬ ಜೋಡಿ ಅಲ್ಲಿದೆ, ಅದು ಕೂಡ 'ಅನ್ನು' ಎಂಬರ್ಥದ ಧಾತುವಿನಿಂದಲೇ ಹುಟ್ಟಿದ್ದು. 1928ರಿಂದ ಟರ್ಕಿಷ್ ಬರವಣಿಗೆ ರೋಮನ್ ಲಿಪಿಯ 29 ಅಕ್ಷರಗಳಲ್ಲಿ ನಡೆಯುವುದರಿಂದ ಲಿಪಿಯ ತೊಡಕಿಲ್ಲ. ವ್ಯಾಕರಣದಲ್ಲಿ ಲಿಂಗವೂ ಇಲ್ಲ. 'ಎವ್ಲೆರ್' ಎಂಬಲ್ಲಿ 'ಲೆರ್' ಇದ್ದರೆ 'ಕಿತಾಪ್ಲಾರ್' ಎಂಬಲ್ಲಿ 'ಲಾರ್' ಆಗುವ ಸ್ವರಸಾಮರಸ್ಯ ಮಾತ್ರ ನಮಗೆ ಹೊಸದು, ಆದರೆ ಕೆಲವು ವಾರ ಕಿವಿಗೊಟ್ಟು ಕೇಳಿದರೆ ಅದು ತಾನಾಗಿ ನಾಲಿಗೆಗೆ ಹತ್ತುತ್ತದೆ. ಇಷ್ಟಾಗಿಯೂ ಈ ಭಾಷೆಯತ್ತ ಕನ್ನಡಿಗರ ಗಮನ ಹರಿಯದಿರುವುದು ವಿಚಿತ್ರವೇ ಸರಿ.

ಜಪಾನಿ ಮಾತು ಸುಲಭ, ಬರಹ ಕಠಿಣ. 'ತಬೆತೆ ಮಿತೆ' ಎಂದರೆ ಅಕ್ಷರಶಃ 'ತಿಂದು ನೋಡು'. ಪ್ರಯತ್ನದ ಅರ್ಥದಲ್ಲಿ 'ನೋಡು' ಎಂಬುದನ್ನು ಬಳಸುವುದು ಎರಡೂ ಭಾಷೆಗಳಿಗೆ ಸಹಜ. ಮನೆಯಿಂದ ಹೊರಡುವಾಗ ಅವರು ಹೇಳುವ 'ಇತ್ತೆಕಿಮಸ್' ಎಂಬುದು ನಮ್ಮ 'ಹೋಗಿ ಬರುತ್ತೇನೆ'ಯೇ. ಹ್ರಸ್ವ-ದೀರ್ಘ, ಒತ್ತಕ್ಷರಗಳ ಭೇದವನ್ನು ಪಾಲಿಸುವುದು ನಮಗೆ ಕಷ್ಟವಲ್ಲ: ಕತೆ ಬೇರೆ, ಕತ್ತೆ ಬೇರೆ ಎಂದು ಬಲ್ಲವರಿಗೆ 'ಕಿತೆ' (ಬಾ) ಮತ್ತು 'ಕಿತ್ತೆ' (ಅಂಚೆಚೀಟಿ) ಎಂಬುವು ಬೇರೆಯಾಗಿಯೇ ಕೇಳಿಸುತ್ತವೆ. ಜಪಾನಿಯ ಉಚ್ಚಾರಾಂಶ ಲಿಪಿಗಳಾದ ಹಿರಗಾನ ಮತ್ತು ಕತಕಾನಗಳಲ್ಲಿ ತಲಾ 46 ಮೂಲಾಕ್ಷರಗಳಿವೆ. ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ ಎಂದು ಸಾಗುವ ಅವುಗಳ ಕ್ರಮವೇ ಬೌದ್ಧ ವಿದ್ವಾಂಸರ ಸಂಸ್ಕೃತ ವರ್ಣಮಾಲೆಯ ಅರಿವಿನಿಂದ ರೂಪುಗೊಂಡದ್ದು. ಆದರೆ ಪತ್ರಿಕೆ ಓದಬೇಕಾದರೆ ಚೀನಿಯಿಂದ ಬಂದ ಕಾಂಜಿ ಅಕ್ಷರಗಳೂ ಬೇಕು. 2010ರ ಅಧಿಕೃತ ಪಟ್ಟಿಯಲ್ಲಿ 2136 ಕಾಂಜಿ ಅಕ್ಷರಗಳಿದ್ದು, ಬಹುಪಾಲು ಅಕ್ಷರಗಳಿಗೆ ಒಂದಕ್ಕಿಂತ ಹೆಚ್ಚು ಓದುವಿಕೆಗಳಿವೆ. ಇದಕ್ಕೆ ಒಳದಾರಿ ಇಲ್ಲ. ಮಾತು ಮತ್ತು ಕೇಳುವಿಕೆ ಮಾತ್ರ ಸಾಕೆನ್ನುವವರು ಜಪಾನಿಯನ್ನು ಸುಲಭದ ಸಾಲಿಗೂ, ಓದಲೇಬೇಕೆನ್ನುವವರು ಕಷ್ಟದ ಸಾಲಿಗೂ ಸೇರಿಸಿಕೊಳ್ಳಬಹುದು.

ಕೊರಿಯನ್ ಭಾಷೆಯಲ್ಲಿ ಆ ತೊಡಕಿಲ್ಲ. ಸೇಜಾಂಗ್ ದೊರೆ 1446ರಲ್ಲಿ ಪ್ರಕಟಿಸಿದ ಹಂಗುಲ್ ಲಿಪಿಯಲ್ಲಿ ಈಗ 14 ವ್ಯಂಜನ, 10 ಸ್ವರ ಮೂಲಾಕ್ಷರಗಳು. ವ್ಯಂಜನಕ್ಕೆ ಸ್ವರ ಸೇರಿ ಒಂದೊಂದು ಉಚ್ಚಾರಾಂಶ ಒಂದೊಂದು ಕಟ್ಟಾಗುವ ರೀತಿ ಕಾಗುಣಿತ ಬಲ್ಲವರಿಗೆ ಕೂಡಲೇ ಅರ್ಥವಾಗುತ್ತದೆ. 'ತಿಂದು ನೋಡು' ಎಂಬುದಕ್ಕೆ ಇಲ್ಲಿಯೂ 'ಮೊಗೊ ಬ್ವಾ' ಎಂಬ ಅದೇ ರಚನೆ ಇದೆ. ಕಲಿಯುವವರನ್ನು ಕಾಡುವ ಧ್ವನಿವ್ಯತ್ಯಾಸಗಳು ನಮಗೆ ಸಂಧಿಯ ಪಾಠವಾಗಿ ಕಾಣುತ್ತವೆ: ಕೊರಿಯಾ ದೇಶಕ್ಕೆ 'ಹನ್‌ಗುಕ್', ಮಾತಿಗೆ 'ಮಲ್', ಎರಡೂ ಕೂಡಿದಾಗ ಉಚ್ಚಾರಣೆ 'ಹನ್‌ಗುಙ್ಮಲ್'. ವಾಕ್ ಮತ್ತು ಮಯ ಕೂಡಿ ವಾಙ್ಮಯ ಆಗುವುದನ್ನು ಶಾಲೆಯಲ್ಲಿ ಓದಿದವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ. ಕಷ್ಟಗಳೂ ಇವೆ: ಸಾಧಾರಣ, ಬಿಗಿ ಮತ್ತು ಉಸಿರಿನ ವ್ಯಂಜನಗಳ ಮೂರು ಬಗೆ, ಎರಡು ಪ್ರತ್ಯೇಕ ಸಂಖ್ಯಾಪದ್ಧತಿಗಳು, ನೀನು-ನೀವುಗಳಿಗಿಂತ ಬಹಳ ಮುಂದೆ ಹೋಗುವ ಗೌರವರೂಪಗಳು. ಆದರೂ ಮಾತು, ಓದು ಎರಡೂ ಬೇಕೆನ್ನುವ ಕನ್ನಡಿಗರಿಗೆ ಪೂರ್ವ ಏಷ್ಯಾದ ಭಾಷೆಗಳಲ್ಲಿ ನಾನು ಮೊದಲು ಹೆಸರಿಸುವುದು ಕೊರಿಯನ್ನನ್ನೇ.

ವಿದೇಶಿ ಎಂದೊಡನೆ ದೂರದ್ದೇ ಆಗಬೇಕಿಲ್ಲ. ಹಿಂದಿ ಬಲ್ಲವರಿಗೆ ದೇವನಾಗರಿಯಲ್ಲೇ ಬರೆಯುವ ನೇಪಾಳಿ ಬಹು ಹತ್ತಿರದ್ದು. ಸಿಂಹಳದ ಲಿಪಿ ಬ್ರಾಹ್ಮಿಯಿಂದ ಬಂದದ್ದು, ವಾಕ್ಯಕ್ರಮ ನಮ್ಮಂತೆಯೇ, ಆಡುಮಾತಿನಲ್ಲಿ ಕ್ರಿಯಾಪದ ಪುರುಷಕ್ಕೆ ತಕ್ಕಂತೆ ಬದಲಾಗುವುದೂ ಇಲ್ಲ. ಪರ್ಷಿಯನ್‌ನಲ್ಲಿ ಲಿಂಗಭೇದವಿಲ್ಲ, ಕ್ರಿಯಾಪದ ಕೊನೆಗೇ. ಅರ್ಜಿ, ಜಮೀನು, ತಾರೀಖು, ರುಮಾಲು ಎಂದು ದಿನವೂ ಬಳಸುವವರಿಗೆ ಅದರ ಶಬ್ದಗಳು ಅಪರಿಚಿತವೂ ಅಲ್ಲ, ಆದರೆ ಹ್ರಸ್ವ ಸ್ವರಗಳನ್ನು ಬರೆಯದ ಅದರ ಲಿಪಿಗೆ ತಾಳ್ಮೆ ಬೇಕು. ಫ್ರೆಂಚ್ ಭಾಷೆಯ ಶಬ್ದಗಳು ಇಂಗ್ಲಿಷಿನಿಂದ ಪರಿಚಿತವಾದರೂ ಬರೆಯುವುದಕ್ಕೂ ಉಚ್ಚರಿಸುವುದಕ್ಕೂ ಇರುವ ಅಂತರ ಕನ್ನಡಿಗರಿಗೆ ಕಿರಿಕಿರಿ ಎನಿಸುತ್ತದೆ. ಜರ್ಮನ್‌ನ ನಾಲ್ಕು ವಿಭಕ್ತಿಗಳು ನಮಗೆ ಭಯ ಹುಟ್ಟಿಸಬೇಕಾಗಿಲ್ಲ. ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ ಎಂಬುದನ್ನು ನೆನಪಿಡುವುದೇ ನಿಜವಾದ ಕಷ್ಟ. ಚೀನಿಯ ವ್ಯಾಕರಣ ಸರಳ, ಪದದ ಅರ್ಥವನ್ನೇ ಬದಲಿಸುವ ಸ್ವರಮಟ್ಟ ಮತ್ತು ಅಕ್ಷರಗಳು ಮಾತ್ರ ಸರಳವಲ್ಲ.

ಆಯ್ಕೆಗೆ ಮೊದಲು ಎರಡು ಭಾಷೆಗಳನ್ನು ಹಿಡಿದು ಒಂದೊಂದಕ್ಕೆ ಎರಡು ವಾರ ಕೊಟ್ಟು ಪರೀಕ್ಷಿಸಿ. ನಮಸ್ಕಾರ, ಧನ್ಯವಾದಗಳಂಥ ಸಿದ್ಧ ನುಡಿಗಟ್ಟುಗಳಿಂದ ಭಾಷೆಯ ಸ್ವಭಾವ ತಿಳಿಯುವುದಿಲ್ಲ. ಅದರ ಬದಲು 'ನಾಳೆ ನಾನು ಬರುವುದಿಲ್ಲ', 'ನಿನ್ನೆ ಬಂದ ಹುಡುಗ ಯಾರು', 'ಮಳೆ ಬಂದರೆ ಹೋಗಬೇಡ', 'ನನಗೆ ಗೊತ್ತಿಲ್ಲ', 'ಅವಳು ಊರಿಗೆ ಹೋದಳಂತೆ' ಎಂಬಂಥ ಇಪ್ಪತ್ತು ವಾಕ್ಯಗಳನ್ನು ಎರಡರಲ್ಲೂ ಕಲಿಯಿರಿ. ನಿಷೇಧ, ಷರತ್ತು, ವಿಶೇಷಣ, ಭೂತಕಾಲ ಎಲ್ಲವೂ ಇವುಗಳಲ್ಲಿ ಬಂದುಹೋಗುತ್ತವೆ. ಆಮೇಲೆ ಪುಸ್ತಕ ಮುಚ್ಚಿಟ್ಟು, ಒಂದೆರಡು ಪದ ಬದಲಿಸಿ ಹೊಸ ವಾಕ್ಯ ಕಟ್ಟಲು ಯಾವುದರಲ್ಲಿ ಸಾಧ್ಯವಾಗುತ್ತದೆ ಎಂಬುದನ್ನು ನೋಡಿ.

ಕಲಿಕೆ ಆರಂಭವಾದ ಮೇಲೆ ಇಂಗ್ಲಿಷಿನಲ್ಲಿ ಬರೆದ ಪಠ್ಯಪುಸ್ತಕವನ್ನು ಬಳಸಿದರೂ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆದುಕೊಳ್ಳಿ. ಆ ಪುಸ್ತಕಗಳು ಕಷ್ಟವೆಂದು ಎಚ್ಚರಿಸುವ ಅಧ್ಯಾಯಗಳಲ್ಲಿ ಹಲವನ್ನು ಒಂದು ಕನ್ನಡ ಉದಾಹರಣೆ ಬಗೆಹರಿಸುತ್ತದೆ. ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಗುರುತಿಸುವುದು ಸ್ಪ್ಯಾನಿಷ್, ಇಂಡೋನೇಷ್ಯನ್, ಜಪಾನಿಗಳಿಗೆ ಮೊದಲ ಕೆಲವು ದಿನ ಸಹಾಯಕ. ಫ್ರೆಂಚ್ ಮತ್ತು ಚೀನಿಗಳಿಗೆ ಅದು ಹಾನಿಕರ, ಕೊರಿಯನ್‌ಗಂತೂ ಹಂಗುಲನ್ನೇ ಮೊದಲ ವಾರದಲ್ಲಿ ಕಲಿತುಬಿಡಬೇಕು. ಪದಗಳನ್ನು ಆಂಕಿಯಂಥ ಆ್ಯಪ್‌ನಲ್ಲಿ ಹೆಚ್ಚುತ್ತಾ ಹೋಗುವ ಅಂತರಗಳಲ್ಲಿ ಪುನರಾವರ್ತಿಸಿ, ಬಿಡಿ ಪದದ ಬದಲು ಚಿಕ್ಕ ವಾಕ್ಯವನ್ನೇ ಕಾರ್ಡಿನಲ್ಲಿ ಬರೆಯಿರಿ. ಗುರಿಯನ್ನು ಆರಂಭದ ಎ1ರಿಂದ ಪೂರ್ಣ ಪ್ರಾವೀಣ್ಯದ ಸಿ2ರವರೆಗಿನ ಯುರೋಪಿನ ಸಾಮಾನ್ಯ ಮಟ್ಟಗಳಲ್ಲಿ ಹೇಳಿಕೊಂಡರೆ ಅಳೆಯುವುದು ಸುಲಭ. ಸ್ಪ್ಯಾನಿಷ್‌ಗೆ ಡೆಲೆ, ಜಪಾನಿಗೆ ಎನ್5ರಿಂದ ಎನ್1ರವರೆಗಿನ ಜೆಎಲ್‌ಪಿಟಿ, ಕೊರಿಯನ್‌ಗೆ ಆರು ಹಂತಗಳ ಟೋಪಿಕ್ ಪರೀಕ್ಷೆಗಳಿವೆ.

ಎರಡನೆಯ ಭಾಷೆಯ ಆಸೆ ಇದ್ದವರು ಮೊದಲನೆಯದು ಬಿ1 ಎಂಬ ಮಧ್ಯಮ ಮಟ್ಟ ಮುಟ್ಟುವವರೆಗೆ ಕಾಯಬೇಕು, ಅದರಲ್ಲೂ ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್‌ನಂಥ ಸೋದರ ಭಾಷೆಗಳನ್ನು ಒಟ್ಟಿಗೆ ಹಿಡಿದರೆ ಎರಡೂ ಕಲಸುಮೇಲೋಗರವಾಗುತ್ತವೆ. ಕಾದವರಿಗೆ ಲಾಭ ದೊಡ್ಡದು: ಇಂಡೋನೇಷ್ಯನ್ ಬಂದವರಿಗೆ ಮಲಯ್ ಬಹುಪಾಲು ಬಂದಂತೆಯೇ, ಟರ್ಕಿಷ್‌ನಿಂದ ಅಜರ್ಬೈಜಾನಿ ಭಾಷೆಗೆ ಹೆಜ್ಜೆ ಚಿಕ್ಕದು. ಕೊರಿಯನ್ ಮತ್ತು ಜಪಾನಿ ಸೋದರ ಭಾಷೆಗಳೆಂದು ಸಿದ್ಧವಾಗಿಲ್ಲದಿದ್ದರೂ ವ್ಯಾಕರಣದ ಜೊತೆಗೆ ಚೀನಿ ಮೂಲದ ಶಬ್ದಗಳೂ ಎರಡಕ್ಕೂ ಸಮಾನ; ಗ್ರಂಥಾಲಯಕ್ಕೆ ಒಂದರಲ್ಲಿ 'ದೊಸೊಗ್ವಾನ್', ಇನ್ನೊಂದರಲ್ಲಿ 'ತೊಷೊಕಾನ್'.